ಶಾವಿಗೆಯ ತಟ್ಟೆಯಲ್ಲಿ ಕಾಳಿಗೂ ಸ್ಥಾನವಿರಲಿ



ದೊಡ್ಡ ಊರುಗಳ ಅಂಗಡಿಗಳಲ್ಲಿ ಈಗ ಕಡಲೆ ಅಥವಾ ಮಸೂರ ಬೇಳೆಯ ಹಿಟ್ಟಿನಿಂದ ತಯಾರಿಸಿದ ಪಾಸ್ತಾ ದೊರೆಯುತ್ತದೆ. ಮಕ್ಕಳಿಗೆ ಇದು ಮೈದಾ ಪಾಸ್ತಾಕ್ಕಿಂತ ಒಳ್ಳೆಯದೆನ್ನುತ್ತಾರೆ. ಕಾರಣವೇನು? ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಅದೇ ಲಾಭವನ್ನು ಪಡೆಯಲು ಸಾಧ್ಯವೇ?

ಮೊದಲು ಕಾರಣವನ್ನು ನೋಡೋಣ. ನಮ್ಮ ದೇಹ ಬೆಳೆಯಲು ಪ್ರೋಟೀನು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಪ್ರೋಟೀನು ಅಗತ್ಯ. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 7 ಗ್ರಾಂ. ಅಷ್ಟೇ ತೂಕದ ಹುರುಳಿಯಲ್ಲಿ ಸುಮಾರು 22 ಗ್ರಾಂ. ಪ್ರಮಾಣದಂತೆ ಗುಣವೂ ಮುಖ್ಯ. ಪ್ರೋಟೀನು ಅಮೈನೋ ಆಮ್ಲಗಳಿಂದಾದುದು. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಹೆಚ್ಚು. ಕಾಳುಗಳಲ್ಲಿ ಮಿಥಿಯೋನಿನ್ ಕಡಿಮೆ. ರಾಗಿಯಲ್ಲಿ ಅದು ಸಾಕಷ್ಟಿದೆ. ಎರಡನ್ನೂ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಕಡೂರು, ಅಜ್ಜಂಪುರದ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯೂ ಹುರುಳಿಯೂ ಬೆಳೆಯುತ್ತವೆ. ಮುದ್ದೆಗೆ ಹುರುಳಿ ಸಾರು ಜೊತೆಯಾದುದರಿಂದ ಈ ಹೊಂದಾಣಿಕೆ ತಾನಾಗಿಯೇ ಒದಗಿತ್ತು. ತರೀಕೆರೆಯ ನೀರಾವರಿ ಭಾಗದಲ್ಲಿ ಅನ್ನವೇ ಮುಖ್ಯ. ಅಲ್ಲಿಯೂ ಕಾಳಿನ ಅಗತ್ಯವಿದೆ. ಸಂಜೆಯ ಹಸಿವಿಗೆ ಬರೀ ಮೈದಾ ನೂಡಲ್ಸ್ ತಿಂದರೆ ಹೊಟ್ಟೆ ತುಂಬೀತು, ಆದರೆ ಕಾಳು ತಟ್ಟೆಯಿಂದ ಜಾರಿಹೋಗುತ್ತದೆ.

ಹಾಗಾದರೆ ಶಾವಿಗೆಗೇ ಕಾಳಿನ ಹಿಟ್ಟನ್ನು ಬೆರೆಸಬಹುದೇ? ಬೆರೆಸಬಹುದು. ಗೋಧಿಯಲ್ಲಿರುವ ಅಂಟು ಎಳೆಗಳನ್ನು ಹಿಡಿದಿಡುತ್ತದೆ. ರಾಗಿ, ಹುರುಳಿಗಳಲ್ಲಿ ಆ ಅಂಟಿಲ್ಲ. ಆದರೆ ಹಿಟ್ಟನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಅದರ ಪಿಷ್ಟ ಉಬ್ಬಿ ಅಂಟಾಗುತ್ತದೆ. ಒತ್ತು ಶಾವಿಗೆಯ ಗುಟ್ಟು ಇದೇ. ನಾಲ್ಕು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಹುರುಳಿ ಹಿಟ್ಟು ಬೆರೆಸಿದರೆ 100 ಗ್ರಾಂ ಹಿಟ್ಟಿನ ಪ್ರೋಟೀನು 7ರಿಂದ ಸುಮಾರು 10 ಗ್ರಾಂಗೆ ಏರುತ್ತದೆ. ಲೆಕ್ಕವನ್ನು ನೀವೇ ಮಾಡಿ ನೋಡಿ.

ಕಬ್ಬಿಣದ ವಿಷಯವೂ ಗಂಭೀರವಾದುದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಕಂಡುಬಂದಿತು. ಕಬ್ಬಿಣದ ಕೊರತೆ ಇದರ ಪ್ರಮುಖ ಕಾರಣಗಳಲ್ಲಿ ಒಂದು. ಹುರುಳಿಯಲ್ಲಿ ಕಬ್ಬಿಣವಿದೆ, ಆದರೆ ಅದರಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣ ರಕ್ತ ಸೇರುವುದನ್ನು ಕಡಿಮೆ ಮಾಡುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ತಗ್ಗುತ್ತದೆ. ಊಟದಲ್ಲಿ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದೊಡನೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಇನ್ನೊಂದು ಮಾತು. ಮಕ್ಕಳಿಗೆ ಹುರುಳಿಯ ಕಟ್ಟನ್ನು ಮಾತ್ರ ಬಡಿಸಿದರೆ ಸಾಲದು. ಪ್ರೋಟೀನಿನ ಬಹುಪಾಲು ಬೆಂದ ಕಾಳಿನಲ್ಲೇ ಉಳಿದಿರುತ್ತದೆ. ಚಿಕ್ಕವರಿಗೆ ಕಾಳನ್ನು ಮಸೆದು ಕೊಡಿ.

ಅಂಗಡಿಯ ಪೊಟ್ಟಣ ಕೊಳ್ಳುವುದಾದರೆ ಅದರ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದಿ. ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಕಾಳಿನ ಪಾಸ್ತಾ ಅಲ್ಲ. ಈ ವಿಷಯವನ್ನು ಮನೆಯಲ್ಲಿ ಅಡುಗೆ ಮಾಡುವವರಿಗೂ ತಿಳಿಸುವಿರಲ್ಲವೇ?