ಆಸ್ಪತ್ರೆಗೆ ಮುನ್ಸೂಚನೆ

ಆಸ್ಪತ್ರೆಗೆ ಮುನ್ಸೂಚನೆ ಎಂದರೆ ತೀವ್ರವಾಗಿ ಗಾಯಗೊಂಡ ಅಥವಾ ಅಸ್ವಸ್ಥಗೊಂಡ ವ್ಯಕ್ತಿಯನ್ನು ಕರೆತರುತ್ತಿರುವ ಆಂಬ್ಯುಲೆನ್ಸ್ ಸಿಬ್ಬಂದಿ, ತಾವು ತಲುಪುವ ಮೊದಲೇ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಮಾಹಿತಿ ನೀಡುವ ಕ್ರಮ. ಬ್ರಿಟನ್ನಿನಲ್ಲಿ ಇದನ್ನು 'ಪ್ರೀ-ಅಲರ್ಟ್' ಎಂದು ಕರೆಯುತ್ತಾರೆ. ಪಾರ್ಶ್ವವಾಯು ಮತ್ತು ಹೃದಯಾಘಾತದ ಸಂದರ್ಭಗಳಲ್ಲಿಯೂ ಈ ಕ್ರಮ ಬಳಕೆಯಲ್ಲಿದೆ. ಈ ಲೇಖನವು ಮುಖ್ಯವಾಗಿ ಗಾಯಾಳುಗಳ ವಿಷಯದಲ್ಲಿ ಬ್ರಿಟನ್ನಿನಲ್ಲಿ ಅನುಸರಿಸುವ ವಿಧಾನವನ್ನು ವಿವರಿಸುತ್ತದೆ.

ಉದ್ದೇಶ

ತೀವ್ರ ರಕ್ತಸ್ರಾವವಾಗುತ್ತಿರುವ ಗಾಯಾಳುವಿಗೆ ಒಂದೊಂದು ನಿಮಿಷವೂ ಮುಖ್ಯ. ಗಾಯಾಳು ಬಂದ ನಂತರ ತಜ್ಞರನ್ನು ಕರೆಸತೊಡಗಿದರೆ ಚಿಕಿತ್ಸೆ ತಡವಾಗುತ್ತದೆ. ಮುನ್ಸೂಚನೆ ದೊರೆತಾಗ ತುರ್ತು ಚಿಕಿತ್ಸಾ ವೈದ್ಯರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಹಾಗೂ ದಾದಿಯರನ್ನು ಒಳಗೊಂಡ ತಂಡವು ಮೊದಲೇ ಸೇರಿ ಕೆಲಸಗಳನ್ನು ಹಂಚಿಕೊಳ್ಳುತ್ತದೆ. ರೋಗಿಯ ರಕ್ತದ ಗುಂಪು ತಿಳಿಯುವ ಮುನ್ನ ನೀಡಬಹುದಾದ 'ಓ' ಗುಂಪಿನ ರಕ್ತವನ್ನು ತರಿಸಿಡಲು ಮತ್ತು ಸಿಟಿ ಸ್ಕ್ಯಾನ್ ಯಂತ್ರವನ್ನು ತೆರವಾಗಿಡಲು ಸಾಧ್ಯವಾಗುತ್ತದೆ.

ಮಾಹಿತಿಯ ಕ್ರಮ

ಅವಸರದಲ್ಲಿ ಯಾವ ಅಂಶವೂ ಬಿಟ್ಟುಹೋಗದಿರಲೆಂದು 'ಎಟಿಮಿಸ್ಟ್' ಎಂಬ ಸ್ಮರಣಸೂತ್ರವನ್ನು ಬಳಸಲಾಗುತ್ತದೆ. ಇದು ಆರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆಗಿದೆ:

- ಎ – ಗಾಯಾಳುವಿನ ವಯಸ್ಸು
- ಟಿ – ಘಟನೆ ನಡೆದ ಸಮಯ
- ಎಂ – ಗಾಯವಾದ ಬಗೆ (ವಾಹನ ಡಿಕ್ಕಿ, ಎತ್ತರದಿಂದ ಬಿದ್ದದ್ದು ಇತ್ಯಾದಿ)
- ಐ – ಕಂಡುಬಂದ ಅಥವಾ ಶಂಕಿತ ಗಾಯಗಳು
- ಎಸ್ – ನಾಡಿ, ರಕ್ತದೊತ್ತಡ, ಉಸಿರಾಟ, ಪ್ರಜ್ಞೆಯ ಮಟ್ಟ
- ಟಿ – ಈವರೆಗೆ ನೀಡಿದ ಚಿಕಿತ್ಸೆ

ಇದರೊಂದಿಗೆ ಆಂಬ್ಯುಲೆನ್ಸ್ ತಲುಪಬಹುದಾದ ಸಮಯವನ್ನೂ ತಿಳಿಸಲಾಗುತ್ತದೆ. ಘಟನೆಯ ಸಮಯ ಚಿಕಿತ್ಸೆಯ ಆಯ್ಕೆಗೂ ನೆರವಾಗುತ್ತದೆ. ಉದಾಹರಣೆಗೆ, ರಕ್ತಸ್ರಾವದಿಂದಾಗುವ ಸಾವನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಗಾಯವಾದ 3 ಗಂಟೆಗಳೊಳಗೆ ನೀಡಬೇಕು.

ಇಂಗ್ಲೆಂಡಿನ ಟ್ರಾಮಾ ಜಾಲಗಳು

ಗಾಯಾಳುಗಳ ಚಿಕಿತ್ಸೆಗಾಗಿ ಪ್ರಾದೇಶಿಕ ಜಾಲಗಳು 2010ರಲ್ಲಿ ಲಂಡನ್ನಿನಲ್ಲಿಯೂ, 2012ರಲ್ಲಿ ಇಂಗ್ಲೆಂಡಿನ ಉಳಿದ ಭಾಗಗಳಲ್ಲಿಯೂ ಆರಂಭವಾದವು. ಇವುಗಳಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿಯು ನಿಗದಿತ ಮಾನದಂಡಗಳ ಆಧಾರದ ಮೇಲೆ ಗಾಯದ ತೀವ್ರತೆಯನ್ನು ಅಂದಾಜಿಸುತ್ತಾರೆ. ಅಗತ್ಯವಿದ್ದರೆ ಹತ್ತಿರದ ಆಸ್ಪತ್ರೆಯನ್ನು ಬಿಟ್ಟು, ಎಲ್ಲ ತಜ್ಞರೂ ಇರುವ ಪ್ರಧಾನ ಟ್ರಾಮಾ ಕೇಂದ್ರಕ್ಕೆ ಗಾಯಾಳುವನ್ನು ನೇರವಾಗಿ ಒಯ್ಯುತ್ತಾರೆ. ಪ್ರಯಾಣದ ಅವಧಿಯು ಆಸ್ಪತ್ರೆಗೆ ಸಿದ್ಧತೆಯ ಅವಧಿಯಾಗುವುದು ಮುನ್ಸೂಚನೆಯಿಂದಲೇ.

ಮಿತಿಗಳು

ಮುನ್ಸೂಚನೆಯು ಸ್ಥಳದಲ್ಲಿ ಮಾಡಿದ ಅಂದಾಜನ್ನು ಅವಲಂಬಿಸಿದೆ. ಸಣ್ಣ ಗಾಯಗಳಿಗೂ ತಂಡವನ್ನು ಕರೆಸಿದರೆ ಇತರ ರೋಗಿಗಳ ಆರೈಕೆಗೆ ಅಡ್ಡಿಯಾಗುತ್ತದೆ, ಕ್ರಮೇಣ ಕರೆಗಳ ಗಾಂಭೀರ್ಯವೂ ಕುಗ್ಗಬಹುದು. ಇದಕ್ಕೆ ವಿರುದ್ಧವಾಗಿ, ತೀವ್ರ ಗಾಯವನ್ನು ಗುರುತಿಸದೆ ಹೋದರೆ ಅಪಾಯ ಇನ್ನೂ ಹೆಚ್ಚು. ಈ ಅಪಾಯ ವೃದ್ಧರಲ್ಲಿ ವಿಶೇಷವಾಗಿ ಕಂಡುಬರುತ್ತದೆ: ನಿಂತಲ್ಲಿಯೇ ಬಿದ್ದರೂ ಅವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಕೆಲವು ರಕ್ತದೊತ್ತಡದ ಔಷಧಿಗಳು ನಾಡಿಬಡಿತ ಏರದಂತೆ ತಡೆಯುವುದರಿಂದ ಆಘಾತದ ಲಕ್ಷಣಗಳು ಮರೆಯಾಗಬಹುದು. ಆದ್ದರಿಂದ ಅಳತೆಗಳು ಸಹಜವಾಗಿ ಕಂಡರೂ, ಸಂದೇಹವಿದ್ದಲ್ಲಿ ಅದನ್ನು ಆಸ್ಪತ್ರೆಗೆ ತಿಳಿಸುವುದು ಅಗತ್ಯ.