ನೇರಕ್ಕೆ ಹೊರಟವು, ಸುತ್ತಿಗೆ ಸಿಕ್ಕವು

ಮಾರ್ಚ್ ತಿಂಗಳ ಇರುಳು. ಶಿರಸಿಯ ಬಿಡಕಿಬೈಲಿನಲ್ಲಿ ಮಾರಿಕಾಂಬೆ ಗದ್ದುಗೆ ಏರಿದ್ದಾಳೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಉಡಿ ತುಂಬಿ, ಹಣ್ಣುಕಾಯಿ ಮಾಡಿಸಿದವರೆಲ್ಲ ಆಟದ ಬಯಲಿನತ್ತ ಸಾಗುತ್ತಾರೆ. ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಏನಾದರೊಂದು ತಿರುಗುತ್ತಿರುತ್ತದೆ.

ಬೊಂಬಾಯಿ ಮಿಠಾಯಿ ಗಾಡಿಗೆ ಮಕ್ಕಳ ಮುತ್ತಿಗೆ. ದೊಡ್ಡ ತಗಡಿನ ಬೋಗುಣಿ, ನಡುವೆ ಗಿರ್ರನೆ ತಿರುಗುವ ಬಿಸಿ ಬಟ್ಟಲು, ಅದಕ್ಕೊಂದು ಚಮಚ ಸಕ್ಕರೆ. ಕರಗಿದ ಪಾಕಕ್ಕೆ ಬಟ್ಟಲಿನೊಂದಿಗೆ ಸುತ್ತುವ ಮನಸ್ಸಿಲ್ಲ. ಅಂಚಿನ ಸಣ್ಣ ತೂತುಗಳಿಂದ ನುಸುಳಿ, ಆ ಕ್ಷಣ ಯಾವ ದಿಕ್ಕಿಗೆ ಸಾಗುತ್ತಿತ್ತೋ ಆ ದಿಕ್ಕಿಗೇ ಹಾರಿ, ಗಾಳಿಗೆ ತಣಿದು ಎಳೆಯಾಗುತ್ತದೆ. 

ಅತ್ತ ‘ಮರಣ ಬಾವಿ’ಯಿಂದ ಬೈಕಿನ ಆರ್ಭಟ. ಮೆಟ್ಟಿಲು ಹತ್ತಿ ಮೇಲಂಚಿನಿಂದ ಬಗ್ಗಿ ನೋಡಬೇಕು. ಸವಾರ ಬುಡದ ಇಳಿಜಾರಿನಲ್ಲಿ ನಾಲ್ಕು ಸುತ್ತು ಹಾಕಿ, ವೇಗ ಕೂಡಿದೊಡನೆ ನೆಟ್ಟನೆಯ ಗೋಡೆಗೇ ಏರುತ್ತಾನೆ. ಹಲಗೆಗಳು ಕಿರುಗುಟ್ಟುತ್ತವೆ. ಯಾವುದೋ ಬಲ ಅವನನ್ನು ಹೊರಕ್ಕೆಳೆದು ಅಂಟಿಸಿದೆ ಎನ್ನಿಸುತ್ತದೆ. ನಡೆದಿರುವುದು ತಿರುವುಮುರುವು: ಬೈಕು ನೇರ ಹೋಗಲು ನೋಡುತ್ತದೆ, ಗೋಡೆ ಅಡ್ಡ ಬಂದು ಅದನ್ನು ಒಳಕ್ಕೆ ದಬ್ಬುತ್ತಲೇ ಇರುತ್ತದೆ. ಬಾವಿಯ ತ್ರಿಜ್ಯ ನಾಲ್ಕೂವರೆ ಮೀಟರ್, ವೇಗ ಗಂಟೆಗೆ 40 ಕಿ.ಮೀ. ಎಂದಿಟ್ಟುಕೊಂಡರೆ ಆ ಒತ್ತಡ ಬೈಕು, ಸವಾರ ಕೂಡಿದ ತೂಕದ ಸುಮಾರು 2.8 ಪಟ್ಟು. ಟೈರು ಹಲಗೆಗೆ ಅಷ್ಟು ಒತ್ತಿಕೊಂಡಿರುವುದರಿಂದಲೇ ಘರ್ಷಣೆ ಅದನ್ನು ಜಾರದಂತೆ ಹಿಡಿದಿದೆ. ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲು ಭಾಗಕ್ಕೆ ಕುಸಿಯುತ್ತದೆ, ಆಗ ಬೀಳುವುದೇ. ಭಾರ ಮಾತ್ರ ಲೆಕ್ಕಕ್ಕಿಲ್ಲ. ತೂಕ ಹೆಚ್ಚಿದಷ್ಟೂ ಘರ್ಷಣೆಯೂ ಹೆಚ್ಚುವುದರಿಂದ, ಬೆನ್ನಿಗೇ ಗೋಡೆ ಹತ್ತುವ ಹಳೇ ಮಾರುತಿ ಕಾರಿಗೂ ಹೆಚ್ಚುಕಡಿಮೆ ಅಷ್ಟೇ ವೇಗ ಸಾಕು. ಹ್ಯಾಂಡಲ್ ಬಿಟ್ಟು, ಜನ ಚಾಚಿದ ನೋಟು ಕಿತ್ತುಕೊಂಡು ಹೋಗುವ ಸವಾರನಿಗೆ ಈ ಲೆಕ್ಕವೆಲ್ಲ ಮೈಯಲ್ಲೇ ಇದೆ.

ಜೈಂಟ್ ವೀಲ್‌ನಲ್ಲಿ ಇದೇ ಆಟ ಮೇಲೆ ಕೆಳಗೆ. 8 ಮೀಟರ್ ತ್ರಿಜ್ಯದ ಚಕ್ರ 12 ಸೆಕೆಂಡಿಗೊಂದು ಸುತ್ತು ಹಾಕಿದರೆ, 50 ಕಿಲೋ ಆಸಾಮಿ ತುದಿಯಲ್ಲಿ ಸೀಟಿನ ಮೇಲೆ 39 ಕಿಲೋದಷ್ಟೇ ಭಾರ, ಬುಡದಲ್ಲಿ 61.

ಊರಿಗೆ ಹೊರಟ ಬಸ್ಸಿನಲ್ಲಿ ಸುತ್ತಾಟವಿಲ್ಲ, ಆದರೂ ತಮಾಷೆ ಇದೆ. ಡ್ರೈವರ್ ಜಗ್ಗನೆ ಎತ್ತಿದಾಗ ನಿಂತವರೆಲ್ಲ ಹಿಂದಕ್ಕೆ ವಾಲುತ್ತಾರೆ. ಮಗುವಿನ ಕೈಯ ಗ್ಯಾಸ್ ಬಲೂನು ಮುಂದಕ್ಕೆ! ಕಿಟಕಿ ಮುಚ್ಚಿದ ಬಸ್ಸಿನೊಳಗೆ ಗಾಳಿಯೂ ಹಿಂದುಳಿದು ಅಲ್ಲೇ ತುಸು ದಟ್ಟವಾಗುತ್ತದೆ, ಹಗುರ ಬಲೂನನ್ನು ಮುಂದಕ್ಕೆ ನೂಕುತ್ತದೆ.

ಇತ್ತ ಜಾತ್ರೆಯಲ್ಲಿ ಸುತ್ತಾಟ ಇನ್ನೂ ಮುಗಿದಿಲ್ಲ. ಆಟಿಕೆ ಅಂಗಡಿಯೆದುರು ಹುಡುಗನೊಬ್ಬ ಹೊಸ ಬುಗುರಿಗೆ ಚಾಟಿ ಸುತ್ತಿ ಬೀಸುತ್ತಾನೆ. ಮೊಳೆಯ ಮೇಲೆ ನಿಂತ ಬುಗುರಿ ವಾಲಿದರೂ ಬೀಳದು. ನೆಲ ಕೆಳಕ್ಕೆಳೆದರೆ ಅದರ ತಲೆ ಪಕ್ಕಕ್ಕೆ ಸರಿದು ನಿಧಾನ ವೃತ್ತ ಬರೆಯುತ್ತದೆ. ತಿರುಗುವ ವೇಗ ಕುಂದಿದಂತೆ ಆ ತೂಗಾಟ ಬಿರುಸಾಗಿ ಕೊನೆಗೆ ಮಗುಚುತ್ತದೆ. ಭೂಮಿಯೂ ಇಂಥದೇ ಬುಗುರಿ. ಅದರ ಉಬ್ಬಿದ ನಡುವನ್ನು ಸೂರ್ಯ, ಚಂದ್ರ ಎಳೆಯುವುದರಿಂದ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಒಂದು ಸುತ್ತು ತೂಗುತ್ತದೆ. ಇದರ ಗುರುತು ನಮ್ಮ ಪಂಚಾಂಗದಲ್ಲೇ ಉಂಟು. ಸೂರ್ಯ ನಿಜಕ್ಕೂ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21-22ಕ್ಕೆ, ಆ ಹೊರಳಿನ ಸಂಕ್ರಾಂತಿಗೆ ನಾವು ಎಳ್ಳುಬೆಲ್ಲ ಬೀರುವುದು ಜನವರಿ 14-15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಟ್ಟಿಗೇ ಬೀಳುತ್ತಿದ್ದವು. ಈಗಿರುವ ಆ 24 ದಿನಗಳ ಅಂತರ ಪೂರಾ ಬುಗುರಿಯ ತೂಗಾಟದ ಬಾಬ್ತು.