ಬಾದಾಮಿಯ ಮಳೆಯಲ್ಲಿ ಒಂದು ದಿನ

ಲಂಡನ್ ನಗರವನ್ನು ನೋಡಿ ಬಂದ ಪರಿಚಿತ ಕುಟುಂಬವೊಂದು, ಅಲ್ಲಿದ್ದಷ್ಟು ದಿನವೂ ಜಿಟಿಜಿಟಿ ಮಳೆಯಲ್ಲಿ ಛತ್ರಿ ಹಿಡಿದು ಅರಮನೆ, ಕೋಟೆ, ಸೇತುವೆಗಳನ್ನು ಸುತ್ತಿದ್ದನ್ನು ಹೆಮ್ಮೆಯಿಂದ ವಿವರಿಸಿತು. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದವರು ಬಾದಾಮಿಗೆ ಹೊರಟಾಗ, ಮೋಡ ಕಂಡೊಡನೆ "ಇನ್ನೊಮ್ಮೆ ಹೋಗೋಣ ಫಾದರ್" ಎಂಬ ಮಾತು ಕೇಳಿಬಂದಿತು. ದೂರದ ರಾಜಧಾನಿಯ ಮಳೆ ಸೊಗಸು, ನಮ್ಮ ರಾಜಧಾನಿಯ ಮಳೆ ಅಡ್ಡಿ! ಆದರೂ ಹೊರಟೆವು.

ಹೌದು, ಬಾದಾಮಿಯೂ ರಾಜಧಾನಿಯೇ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಈ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನೆಂದು ಇಲ್ಲಿಯ ಬಂಡೆಯ ಶಾಸನವೇ ಹೇಳುತ್ತದೆ. ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಮಳೆ ಸುರಿಯಿತು. ತಾಯಂದಿರು ಇಳಕಲ್ ಸೀರೆಯ ಸೆರಗನ್ನು ತಲೆಗೆ ಹೊದ್ದು, ಮಕ್ಕಳ ಕೈಹಿಡಿದು ಮೂರನೆಯ ಗುಹೆಯನ್ನು ಸೇರಿದರು. ಶೈವ, ವೈಷ್ಣವ, ಜೈನ ಗುಹೆಗಳು ಒಂದೇ ಬೆಟ್ಟದಲ್ಲಿರುವ ಈ ತಾಣದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಅದರಲ್ಲಿರುವ ಶಾಸನದ ಕಾಲ 578. ಬಿಸಿಲಿದ್ದರೆ ಹತ್ತು ನಿಮಿಷದಲ್ಲಿ ಫೋಟೋ ತೆಗೆದುಕೊಂಡು ಹೊರಬರುತ್ತಿದ್ದೆವು. ಮಳೆಯ ದೆಸೆಯಿಂದ ಒಂದು ಗಂಟೆ ಕುಳಿತೆವು. ಹೊರಗೆ ಕೆಂಪು ಬಂಡೆಗಳ ಮೇಲಿಂದ ನೀರು ಧಾರೆಯಾಗಿ ಅಗಸ್ತ್ಯತೀರ್ಥದ ಕಡೆಗೆ ಇಳಿಯುತ್ತಿತ್ತು. ತತ್ತ್ವಶಾಸ್ತ್ರಕ್ಕೆ ನಮ್ಮ ಹಿರಿಯರು 'ದರ್ಶನ' ಎಂದು ಹೆಸರಿಟ್ಟರು. ನಿಂತು ನೋಡದವನಿಗೆ ಅರಿವು ಎಲ್ಲಿಂದ ಬರಬೇಕು?

"ಇಂಥ ಊರನ್ನು ಯಾರಾದರೂ ಸೋಲಿಸಿದ್ದರೇ ಫಾದರ್?" ಎಂದು ಬಾಲಕನೊಬ್ಬ ಕೇಳಿದ.

ಸೋಲಿಸಿದ್ದರು. 642ರಲ್ಲಿ ಪಲ್ಲವರ ನರಸಿಂಹವರ್ಮನು ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಈ ವಾತಾಪಿಯನ್ನು ಹಿಡಿದನು. ತನ್ನ ಶಾಸನವನ್ನೂ ಇಲ್ಲಿಯ ಬಂಡೆಯ ಮೇಲೆ ಕೊರೆಸಿದನು. ಹತ್ತು ವರ್ಷಕ್ಕೂ ಮಿಕ್ಕಿ ನಗರವು ಶತ್ರುವಿನ ವಶದಲ್ಲಿತ್ತು. ಅನಂತರ ಒಂದನೆಯ ವಿಕ್ರಮಾದಿತ್ಯನು ಅದನ್ನು ಮರಳಿ ಪಡೆದನು. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದಾಗ, ಹಳೆಯ ಸೇಡು ತೀರಿಸಿಕೊಳ್ಳುವ ಅವಕಾಶ ಅವನ ಕೈಯಲ್ಲಿತ್ತು. ಆದರೆ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ಕಂಡು, ಅದನ್ನು ಒಯ್ಯದೆ ದೇವಾಲಯಕ್ಕೇ ಬಿಟ್ಟುಕೊಟ್ಟನೆಂದು ಅಲ್ಲಿಯ ಕಂಬದ ಮೇಲಿನ ಕನ್ನಡ ಶಾಸನ ಸಾರುತ್ತದೆ. ಸೋತವರ ಊರಿನಲ್ಲಿ ಗೆದ್ದವನು ಬಿಟ್ಟುಹೋದ ಕನ್ನಡದ ಗುರುತು ಲೂಟಿಯದಲ್ಲ, ಔದಾರ್ಯದ್ದು.

ಇದನ್ನು ಹೇಳಿದಾಗ ಗುಹೆಯಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೇ ಇತ್ತು. ಹೊಲದ ಬದುವಿಗಾಗಿ, ಮನೆಯ ಒಂದು ಗೋಡೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಕುಟುಂಬಗಳು ನಮ್ಮ ನಡುವೆಯೂ ಇವೆ. ಆ ಗುಹೆಯಲ್ಲಿಯೂ ಇದ್ದವು. ನಾನು ಯಾರ ಮುಖವನ್ನೂ ನೋಡಲಿಲ್ಲ. ರಾಜನಿಗೆ ಒಂದು ರಾಜ್ಯದ ಸೇಡನ್ನು ಬಿಡಲು ಸಾಧ್ಯವಾದರೆ, ನಮಗೆ ಒಂದು ಮೊಳ ನೆಲದ ಸಿಟ್ಟನ್ನು ಬಿಡಲಾಗದೇ?

ಮಳೆ ನಿಂತಿತು. ಮೆಟ್ಟಿಲುಗಳು ಜಾರುತ್ತಿದ್ದವು. ಹಿಡಿದ ಕೈ ಯಾರದೆಂದು ನೋಡದೆ, ಒಬ್ಬರನ್ನೊಬ್ಬರು ಆತುಕೊಂಡು ಇಳಿದೆವು.

ಪ್ರಿಯ ಓದುಗರೇ, ಬಾದಾಮಿಯ ಪ್ರವಾಸವನ್ನಾಗಲಿ, ಮುನಿದ ಸೋದರನ ಮನೆಗೆ ಹೋಗುವುದನ್ನಾಗಲಿ, ಹವೆ ತಿಳಿಯಾಗಲೆಂದು ಮುಂದೂಡಬೇಡಿರಿ.